ಎಡಗೈಗೂ ಒಂದು ಮಾತಿದೆ

ಹೋದ ಸೆಮಿಸ್ಟರ್‌ನಲ್ಲಿ ನಾನು ಒಂದು ಕೆಲಸ ಮಾಡಿದೆ. ಅದಕ್ಕೆ ಮಾರ್ಕ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ರೆಸ್ಯೂಮೆಯಲ್ಲಿ ಹಾಕಿದರೆ ಯಾವ ಕಂಪನಿಯೂ ಅದರ ಬಗ್ಗೆ ಒಂದು ಪ್ರಶ್ನೆ ಕೇಳಲ್ಲ. ಒಂದೂವರೆ ನಿಮಿಷದಲ್ಲಿ ಮುಗಿದುಹೋಗೋ ಒಂದು ಪುಟ್ಟ ಪಿಯಾನೊ ರಚನೆಯನ್ನ ಕಲಿಯೋಕೆ ಏಳು ವಾರ ತಗೊಂಡೆ. ಎರಡೇ ಪುಟ. 22 ಬಾರ್‌ಗಳು. ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತದ ಹಾಗೆ ಅಂದುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಅಂತ ಲೆಕ್ಕ ಹಾಕಿದರೂ ಒಂದೊಂದು ಬಾರ್‌ಗೆ ಒಂದು ಗಂಟೆಗಿಂತ ಜಾಸ್ತಿ ಆಯ್ತು. ಆ ಟೈಮ್‌ನಲ್ಲಿ ಒಂದು ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಬಹುದಿತ್ತು ಅಂತ ಫ್ರೆಂಡ್ಸ್ ಹೇಳಿದರು. ನಿಜ, ಮುಗಿಸಬಹುದಿತ್ತು.

ರಚನೆ ಯಾವುದು ಅಂದರೆ, ಯೊಹಾನ್ ಸೆಬಾಸ್ಟಿಯನ್ ಬಾಖ್ ಬರೆದ ಎರಡು ದನಿಯ ಇನ್ವೆನ್ಷನ್‌ಗಳಲ್ಲಿ ಮೊದಲನೆಯದು, ಸಿ ಮೇಜರ್. ಪಿಯಾನೊ ಕಲಿತವರಿಗೆಲ್ಲ ಇದು ಗೊತ್ತಿರತ್ತೆ. ಗ್ರೇಡ್ ಪರೀಕ್ಷೆ ಬರೆಯೋ ಪುಟ್ಟ ಮಕ್ಕಳೂ ಇದನ್ನ ನುಡಿಸ್ತಾರೆ. ಹಾಗಾಗಿ ಇದು ಸಾಧನೆಯ ಕಥೆ ಅಲ್ಲ. ಇದು ಒಂದು ಅಭಿಪ್ರಾಯ. ನನ್ನ ವಾದ ಇಷ್ಟು: ಎರಡು ದನಿಗಳು ಒಟ್ಟೊಟ್ಟಿಗೆ ನಡೆಯೋ ಇಂಥ ಸಂಗೀತವನ್ನ ಕೂತು ಅಭ್ಯಾಸ ಮಾಡೋದು ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಬಹಳ ಒಳ್ಳೆಯದು. ಆದರೆ ಜನ ಸಾಮಾನ್ಯವಾಗಿ ಹೇಳೋ ಕಾರಣಗಳಿಗಲ್ಲ. ಇದರಿಂದ ಮಲ್ಟಿಟಾಸ್ಕಿಂಗ್ ಬರಲ್ಲ. ಗಣಿತ ಸುಧಾರಿಸಲ್ಲ. ಬುದ್ಧಿ ಚುರುಕಾಗತ್ತೆ ಅಂತಾನೂ ನಾನು ಹೇಳಲ್ಲ. ಹಾಗಿದ್ದರೆ ಯಾಕೆ ಮಾಡಬೇಕು? ಅದನ್ನೇ ಹೇಳೋಕೆ ಇಷ್ಟುದ್ದ ಬರೀತಿದ್ದೀನಿ.

ಮೊದಲು ಇದು ಏನು ಅಂತ ಹೇಳ್ತೀನಿ. ನಾವು ದಿನಾ ಕೇಳೋ ಹಾಡುಗಳಲ್ಲಿ ಒಂದು ಮುಖ್ಯ ರಾಗ ಇರತ್ತೆ, ಉಳಿದದ್ದೆಲ್ಲ ಅದಕ್ಕೆ ಜೊತೆ. ಕೀಬೋರ್ಡ್‌ನಲ್ಲಿ ಸಿನಿಮಾ ಹಾಡು ನುಡಿಸುವವರನ್ನ ನೋಡಿ. ಬಲಗೈ ಹಾಡ್ತಾ ಇರತ್ತೆ, ಎಡಗೈ ಕಾರ್ಡ್ ಒತ್ತಿ ಹಿಡಿದಿರತ್ತೆ. ಎಡಗೈ ಮದುವೆ ಮನೇಲಿ ಚೊಂಬು ಹಿಡಿದು ಹಿಂದೆ ಹಿಂದೆ ಓಡಾಡೋ ಹುಡುಗನ ಹಾಗೆ. ಕೌಂಟರ್‌ಪಾಯಿಂಟ್ ಅನ್ನೋ ಪದ್ಧತಿಯಲ್ಲಿ ಹಾಗಿಲ್ಲ. ಆ ಹೆಸರಿನ ಲ್ಯಾಟಿನ್ ಮೂಲದ ಅರ್ಥ ಸ್ವರದ ಎದುರಿಗೆ ಸ್ವರ ಅಂತ. ಇಲ್ಲಿ ಎರಡೂ ಕೈಗಳೂ ಹಾಡುತ್ತವೆ. ಎರಡಕ್ಕೂ ಸ್ವಂತ ರಾಗ, ಸ್ವಂತ ಉಸಿರು. ಆದರೂ ಎರಡೂ ಸೇರಿದಾಗ ಪ್ರತಿ ಹೆಜ್ಜೆಯಲ್ಲೂ ಒಂದಕ್ಕೊಂದು ಹೊಂದಬೇಕು.

1720ರಲ್ಲಿ ಬಾಖ್ ತನ್ನ ದೊಡ್ಡ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂದು ಸಂಗೀತದ ಪುಸ್ತಕ ಶುರು ಮಾಡಿಕೊಟ್ಟ. ಮಗನಿಗೆ ಆಗ ಒಂಬತ್ತು ವರ್ಷ. ಈ ಇನ್ವೆನ್ಷನ್‌ಗಳ ಮೊದಲ ರೂಪ ಅದರಲ್ಲೇ ಇರೋದು. 1723ರಲ್ಲಿ ಇವನ್ನೆಲ್ಲ ತಿದ್ದಿ, ಒಂದು ಕ್ರಮದಲ್ಲಿ ಜೋಡಿಸಿ, ಚೆನ್ನಾಗಿರೋ ಪ್ರತಿ ಮಾಡಿದ. 15 ಎರಡು ದನಿಯವು, 15 ಮೂರು ದನಿಯವು. ಮೊದಲ ಪುಟದಲ್ಲೇ ಉದ್ದೇಶವನ್ನೂ ಬರೆದಿದ್ದಾನೆ: ಕಲಿಯೋ ಆಸೆ ಇರುವವರು ಎರಡು ದನಿಗಳನ್ನ ಶುದ್ಧವಾಗಿ ನುಡಿಸೋದು ಕಲೀಲಿ, ಆಮೇಲೆ ಮೂರು ದನಿ, ಎಲ್ಲಕ್ಕಿಂತ ಮುಖ್ಯವಾಗಿ ಹಾಡಿನಂತೆ ನುಡಿಸೋದು ಬರಲಿ ಅನ್ನೋ ಅರ್ಥದಲ್ಲಿ. ಅಂದರೆ ಇದು ಕಚೇರಿಗೆ ಬರೆದ ಸಂಗೀತ ಅಲ್ಲ, ಪಾಠ. ನಮ್ಮಲ್ಲಿ ಸರಳೆ ವರಸೆ, ಜಂಟಿ ವರಸೆ ಇದ್ದ ಹಾಗೆ. ವ್ಯತ್ಯಾಸ ಏನಂದರೆ, ಈ ಪಾಠಗಳನ್ನ ದೊಡ್ಡ ದೊಡ್ಡ ಪಿಯಾನೊ ವಾದಕರೂ ಜೀವಮಾನ ಪೂರ್ತಿ ನುಡಿಸ್ತಾರೆ.

ಮೊದಲನೇ ಇನ್ವೆನ್ಷನ್ ಶುರುವಾಗೋದು ಹೀಗೆ. ಬಲಗೈ ಒಂದು ಚಿಕ್ಕ ಮಾತು ಹೇಳತ್ತೆ. ನಮ್ಮ ಸ್ವರಗಳಲ್ಲಿ ಹೇಳೋದಾದರೆ ಸರಿಗಮ ರಿಗಸ ಪ. ಅರ್ಧ ಬಾರ್ ಆದ ಮೇಲೆ ಎಡಗೈ ಅದೇ ಮಾತನ್ನ ಒಂದು ಸ್ಥಾಯಿ ಕೆಳಗೆ ಹೇಳತ್ತೆ. ಅಷ್ಟರಲ್ಲಿ ಬಲಗೈ ಮುಂದಿನ ಮಾತಿಗೆ ಹೋಗಿರತ್ತೆ: ಪ ಸ ನಿ ಸ, ಅರ್ಧ ವೇಗದಲ್ಲಿ. ಎರಡನೇ ಬಾರ್‌ನಲ್ಲಿ ಅದೇ ಥೀಮ್ ಪಂಚಮದಿಂದ. ಮೂರನೇ ಬಾರ್‌ನಲ್ಲಿ ಬಲಗೈ ಅದನ್ನ ತಲೆಕೆಳಗು ಮಾಡತ್ತೆ. ಹತ್ತಿದ್ದು ಇಳಿಯತ್ತೆ, ಇಳಿದದ್ದು ಹತ್ತತ್ತೆ: ದಪಮಗ ಪಮದ. ಅದೇ ಹೊತ್ತಿಗೆ ಕೆಳಗೆ ಎಡಗೈ, ಥೀಮ್‌ನ ಮೊದಲ ನಾಲ್ಕು ಸ್ವರಗಳ ಆಕಾರವನ್ನೇ ಎಳೆದು ನಿಧಾನವಾಗಿ ನುಡಿಸ್ತಾ ಇರತ್ತೆ. ಇಡೀ ರಚನೆಯೇ ಆ ಒಂದು ಪುಟ್ಟ ಮಾತಿನಿಂದ ಕಟ್ಟಿದ್ದು. ಕಾಗದದ ಮೇಲೆ ನೋಡಿದಾಗ ನನಗೆ ಅನಿಸಿದ್ದು, ಅರೆ, ಇಷ್ಟೇ ತಾನೇ!

ಬಲಗೈ ಪಾರ್ಟ್ ಎರಡು ದಿನದಲ್ಲಿ ಬಂತು. ಎಡಗೈ ನಾಲ್ಕು ದಿನ. ಎರಡೂ ಬೇರೆ ಬೇರೆಯಾಗಿ ನೀಟಾಗಿ ಬರ್ತಿದ್ದವು. ಭಾನುವಾರ ಕೂಡಿಸಿ ನುಡಿಸೋಣ ಅಂತ ಕೂತೆ. ಮೊದಲ ಅರ್ಧ ಬಾರ್ ಸರಿಯಾಗೇ ಹೋಯ್ತು, ಯಾಕಂದರೆ ಅಲ್ಲಿ ಎಡಗೈ ಸುಮ್ಮನಿರತ್ತೆ. ಎಡಗೈ ಸರಿಗಮ ಅಂತ ಶುರು ಮಾಡಿದ ತಕ್ಷಣ, ನಿಧಾನಕ್ಕೆ ನಡೀಬೇಕಾದ ಬಲಗೈ ಕೂಡ ಅದರ ಜೊತೆ ಓಡೋಕೆ ಶುರು ಮಾಡ್ತು. ಅದನ್ನ ತಡೆದರೆ ಎಡಗೈ ನಿಂತುಬಿಡ್ತು. ಚಿಕ್ಕವರಿದ್ದಾಗ ಒಂದು ಕೈಯಲ್ಲಿ ತಲೆ ತಟ್ಟುತ್ತಾ ಇನ್ನೊಂದು ಕೈಯಲ್ಲಿ ಹೊಟ್ಟೆ ಸವರೋ ಆಟ ಆಡಿರ್ತೀವಲ್ಲ, ಅದೇ ಕಥೆ. ಎರಡು ಸರಿ ಸೇರಿಸಿದರೆ ಒಂದು ತಪ್ಪು ಅನ್ನೋ ಹೊಸ ಗಣಿತ ಅವತ್ತು ಕಲಿತೆ.

ಎರಡನೇ ವಾರದಲ್ಲಿ ಮೆಟ್ರೊನೋಮ್‌ನ 40ಕ್ಕೆ ಇಳಿಸಿದೆ. ಅದು ಎಷ್ಟು ನಿಧಾನ ಅಂದರೆ ಎರಡು ಹೊಡೆತಗಳ ನಡುವೆ ಒಂದೂವರೆ ಸೆಕೆಂಡ್. ಅಷ್ಟು ನಿಧಾನದಲ್ಲಿ ಸಂಗೀತ ಅನ್ನೋದೇ ಇರಲ್ಲ, ಬರೀ ಸ್ವರ, ಸ್ವರ, ಸ್ವರ. ಮೊದಲ ಎರಡು ದಿನ ಸಿಕ್ಕಾಪಟ್ಟೆ ಬೋರ್. ಫೋನ್ ಕಡೆ ಕೈ ಹೋಗೋದು. ಮೂರನೇ ದಿನ ಒಂದು ವಿಷಯ ಗಮನಕ್ಕೆ ಬಂತು. ಮೇಲಿನ ಸ್ವರ, ಕೆಳಗಿನ ಸ್ವರ ಎರಡೂ ಕೂಡೋ ಪ್ರತಿ ಜಾಗಕ್ಕೂ ಒಂದೊಂದು ರುಚಿ ಇದೆ. ಕೆಲವು ಕಡೆ ಎರಡೂ ಸೇರಿ ಸಿಹಿ. ಕೆಲವು ಕಡೆ ಒಂದಕ್ಕೊಂದು ಉಜ್ಜುತ್ತವೆ, ಹಲಸಿನಕಾಯಿ ಮೇಣದ ಥರ ಅಂಟಿಕೊಂಡು ಕಿರಿಕಿರಿ. ಮುಂದಿನ ಸ್ವರಕ್ಕೆ ಹೋದಾಗ ಆ ಕಿರಿಕಿರಿ ಬಿಟ್ಟು ಹೋಗತ್ತೆ. ಸ್ಪೀಡಲ್ಲಿ ಕೇಳಿದಾಗ ಇದು ಯಾವುದೂ ನನಗೆ ಕೇಳಿಸಿರಲಿಲ್ಲ. ಇಡೀ ರಚನೆ ಹೀಗೆ ಉಜ್ಜೋದು, ಬಿಡೋದು, ಉಜ್ಜೋದು, ಬಿಡೋದರ ಮೇಲೆ ನಡೀತಿದೆ ಅಂತ ಗೊತ್ತಾಗಿದ್ದು ಆವಾಗಲೇ.

ಮೂರನೇ ವಾರದ ಕೊನೆಗೆ ಹತ್ತು ಬಾರ್‌ವರೆಗೂ ಬರ್ತಿತ್ತು. ಖುಷಿಯಾಗಿ ನನ್ನ ಹಳೇ ಪಿಯಾನೊ ಮಿಸ್‌ಗೆ ಫೋನ್ ಮಾಡಿ, ಸ್ಪೀಕರ್‌ನಲ್ಲಿಟ್ಟು ನುಡಿಸಿದೆ. ಕೇಳಿದರು. "ಗುಡ್. ಈಗ ಆರನೇ ಬಾರ್‌ನಿಂದ ಶುರು ಮಾಡಪ್ಪ" ಅಂದರು. ಆಗಲಿಲ್ಲ. ಮೊದಲಿಂದ ಬಂದರೆ ಮಾತ್ರ ಆರು ಬರ್ತಿತ್ತು. "ಎಡಗೈ ಒಂದನ್ನೇ ನುಡಿಸು" ಅಂದರು. ಆಶ್ಚರ್ಯ ಅಂದರೆ ಅದೂ ಬರಲಿಲ್ಲ, ಮೊದಲ ವಾರದಲ್ಲಿ ನೀಟಾಗಿ ಬರ್ತಿದ್ದದ್ದು! ಮಿಸ್ ನಕ್ಕು ಹೇಳಿದರು, "ನಿನ್ನ ಬೆರಳಿಗೆ ಗೊತ್ತು ಕಣೋ, ನಿನಗೆ ಗೊತ್ತಿಲ್ಲ."

ಈ ಮಾತನ್ನ ನಮ್ಮ ಕ್ಯಾಂಪಸ್‌ನ ಗೋಡೆ ಮೇಲೆ ಬರೆಸಬೇಕು ಅನ್ಸತ್ತೆ. ಲ್ಯಾಬ್ ರೆಕಾರ್ಡ್ ಬರೆಯೋವಾಗ ನಮ್ಮ ಸ್ಥಿತಿ ಏನು? ಬೆರಳಿಗೆ ಗೊತ್ತಿರತ್ತೆ. ಪರೀಕ್ಷೆ ಹಿಂದಿನ ರಾತ್ರಿ ಡೆರಿವೇಷನ್ ಉರು ಹೊಡೆದು, ಬೆಳಿಗ್ಗೆ ಮೊದಲ ಸಾಲು ನೆನಪಾದರೆ ಉಳಿದದ್ದು ಬರತ್ತೆ, ಮಧ್ಯದಿಂದ ಕೇಳಿದರೆ ಮುಗೀತು. ಆದರೆ ಅಲ್ಲಿ ತಪ್ಪಿಸಿಕೊಳ್ಳೋಕೆ ದಾರಿ ಇದೆ. ಸ್ಟೆಪ್ಸ್‌ಗೆ ಮಾರ್ಕ್ಸ್ ಇದೆ, ಫ್ರೆಂಡ್‌ನ ಅಸೈನ್‌ಮೆಂಟ್ ಇದೆ, ಈಗಂತೂ ಕೇಳಿದ ತಕ್ಷಣ ಬರೆದುಕೊಡೋ ಎಐ ಇದೆ. ಸಿನಿಮಾ ಹಾಡು ನುಡಿಸುವಾಗಲೂ ದಾರಿ ಇದೆ, ಎಡಗೈ ತಪ್ಪಿದರೆ ಪೆಡಲ್ ಒತ್ತಿಬಿಡಿ, ಯಾರಿಗೂ ಗೊತ್ತಾಗಲ್ಲ. ಎರಡೇ ದನಿಯ ಸಂಗೀತದಲ್ಲಿ ಅಡಗೋಕೆ ಜಾಗಾನೇ ಇಲ್ಲ. ಇರೋದೇ ಇಬ್ಬರು. ಒಬ್ಬ ತಡವರಿಸಿದರೆ ಇಡೀ ಮನೆಗೆ ಕೇಳಿಸತ್ತೆ. ನನ್ನ ದಿನದಲ್ಲಿ ಕಾಪಿ ಹೊಡೆಯೋಕೆ ಆಗದೇ ಇರೋ ಅರ್ಧ ಗಂಟೆ ಅದೊಂದೇ.

ಆಮೇಲೆ ಮಿಸ್ ಹೇಳಿದ ಹಾಗೆ ಮಾಡಿದೆ. ಕೊನೆಯ ಬಾರ್ ಮೊದಲು, ಆಮೇಲೆ 21, 22. ಆಮೇಲೆ 20, 21, 22. ಹೀಗೆ ಹಿಂದಿನಿಂದ. ಒಂದು ಕೈ ಸ್ವರಗಳನ್ನ ಬಿಡಿಬಿಡಿಯಾಗಿ, ಇನ್ನೊಂದು ಎಳೆದು, ಆಮೇಲೆ ಅದಲು ಬದಲು. ಎಲ್ಲಕ್ಕಿಂತ ಕಷ್ಟದ್ದು ಒಂದು ದನಿಯನ್ನ ನುಡಿಸಿ ಇನ್ನೊಂದನ್ನ ಬಾಯಲ್ಲಿ ಹಾಡೋದು. ಎಡಗೈ ಪಾರ್ಟನ್ನ ಸರಿಗಮದಲ್ಲಿ ಹಾಡ್ತಾ ಬಲಗೈ ನುಡಿಸೋಕೆ ಹೋದರೆ ಗಂಟಲು ಕಟ್ಟಿದ ಹಾಗೆ ಆಗ್ತಿತ್ತು. ಕರ್ನಾಟಕ ಸಂಗೀತ ಕಲಿತಿರೋ ಓದುಗರಿಗೆ ಇದರ ಒಂದು ರೂಪ ಗೊತ್ತಿರತ್ತೆ, ಕೈಯಲ್ಲಿ ತಾಳ ಹಾಕ್ತಾ ಬಾಯಲ್ಲಿ ಬೇರೆ ನಡೆ ಹೇಳೋವಾಗ. ಅಲ್ಲಿ ಕೈ ಲೆಕ್ಕ ಇಡತ್ತೆ. ಇಲ್ಲಿ ಕೈಯೂ ಹಾಡತ್ತೆ.

ಈ ಥರ ಮಾಡ್ತಾ ಇದ್ದಾಗ ಏಳನೇ ಬಾರ್‌ನ ಬೆಲೆ ಗೊತ್ತಾಯ್ತು. ಅಲ್ಲಿವರೆಗೆ ಥೀಮ್ ಮೊದಲು ಹೇಳೋದು ಬಲಗೈ, ಎಡಗೈ ಅದರ ಹಿಂದೆ. ಏಳನೇ ಬಾರ್‌ನಲ್ಲಿ ಎಡಗೈ ಮೊದಲು ಮಾತಾಡತ್ತೆ, ಬಲಗೈ ಅದನ್ನ ಕೇಳಿಸಿಕೊಂಡು ಅನುಸರಿಸತ್ತೆ. ನಾನು ಆ ಜಾಗವನ್ನ ದಿನಾ ನುಡಿಸ್ತಿದ್ದೆ, ಆದರೆ ಕೇಳಿರಲಿಲ್ಲ. ನನ್ನ ಕಿವಿ ಯಾವಾಗಲೂ ಮೇಲಿನ ದನಿಯ ಹಿಂದೇನೇ ಇತ್ತು. ಎಡಗೈ ಏನೋ ಕೆಲಸ ಮಾಡ್ತಿದೆ ಅಂತ ಗೊತ್ತಿತ್ತು, ಅದಕ್ಕೂ ಒಂದು ಮಾತಿದೆ ಅಂತ ಗೊತ್ತಿರಲಿಲ್ಲ. ಇನ್ನೂ ಮುಂದೆ, 15ನೇ ಬಾರ್ ಹತ್ತಿರ, ಒಂದು ಕೈ ಮಾತಾಡುವಾಗ ಇನ್ನೊಂದು ಕೈ ಒಂದೇ ಸ್ವರವನ್ನ ಹಿಡಿದು ಸುಮ್ಮನೆ ಕೇಳತ್ತೆ. ಆಮೇಲೆ ಇದು ಸುಮ್ಮನಾಗತ್ತೆ, ಅದು ಮಾತಾಡತ್ತೆ. ಪಿಯಾನೊದಲ್ಲಿ ಹಿಡಿದ ಸ್ವರ ತಾನಾಗೇ ಕ್ಷೀಣಿಸ್ತಾ ಹೋಗತ್ತೆ. ಅದು ಇನ್ನೂ ಇದೆ ಅಂತ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾದವರು ನಾವೇ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳೋ ಇಂಥ ಸಂಭಾಷಣೆ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ನಾನು ಕೇಳಿಲ್ಲ.

ಆರನೇ ವಾರದಲ್ಲಿ ಒಂದು ಸಂಜೆ ಅದು ಆಯ್ತು. ಒಂದು ನಾಲ್ಕೈದು ಬಾರ್‌ಗಳಷ್ಟು ಹೊತ್ತು ಎರಡೂ ದನಿಗಳು ನನಗೆ ಒಟ್ಟಿಗೆ ಕೇಳಿಸಿದವು. ಒಂದರ ಮೇಲಿಂದ ಇನ್ನೊಂದಕ್ಕೆ ಹಾರಿದ್ದಲ್ಲ. ಎರಡೂ ಇದ್ದವು, ಸ್ಪಷ್ಟವಾಗಿ, ಬೇರೆ ಬೇರೆಯಾಗಿ, ಒಟ್ಟಿಗೆ. ಕೈಗಳು ತಮ್ಮ ಪಾಡಿಗೆ ನುಡಿಸ್ತಿದ್ದವು, ನಾನು ಕೇಳ್ತಾ ಕೂತಿದ್ದೆ. "ಅಯ್ಯೋ ಬಂತು!" ಅಂತ ಅನಿಸಿದ ಮರುಕ್ಷಣ ಎಲ್ಲ ಕುಸಿದುಬಿತ್ತು. ಆದರೂ ಕೂತಲ್ಲೇ ನಗು ಬಂತು. ಆ ಸಂತೋಷ ಯಾವ ಥರದ್ದು ಅಂದರೆ, ರಿಲ್ಯಾಕ್ಸ್ ಆಗೋ ಸಂತೋಷ ಅಲ್ಲ. ಮೈಯೆಲ್ಲ ಬಿಗಿಯಾಗಿರತ್ತೆ. ತುಂಬಾ ದಿನ ಒದ್ದಾಡಿದ ಲೆಕ್ಕ ಬಿಡಿಸಿಕೊಂಡಾಗ ಸಿಗೋ ಸಂತೋಷಕ್ಕೆ ಹತ್ತಿರ. ಆದರೆ ಲೆಕ್ಕ ಒಂದು ಸಲ ಬಿಡಿಸಿದರೆ ಮುಗೀತು. ಇದು ನಾಳೆ ಕೂತರೆ ಮತ್ತೆ ಹೊಸದಾಗಿ ಬಿಡಿಸಬೇಕು, ಮತ್ತೆ ಹೊಸದಾಗಿ ಸಿಗತ್ತೆ.

ಈಗ ನನ್ನ ವಾದಕ್ಕೆ ಬರ್ತೀನಿ. ಇದನ್ನ ಕೇಳಿದವರು ಮೊದಲು ಹೇಳೋದು, "ಓ, ಹಾಗಾದರೆ ನಿಂಗೆ ಮಲ್ಟಿಟಾಸ್ಕಿಂಗ್ ಚೆನ್ನಾಗಿ ಬರತ್ತೆ." ಇಲ್ಲ. ಬದಲಿಗೆ ಮಲ್ಟಿಟಾಸ್ಕಿಂಗ್ ಅನ್ನೋದರ ಮೇಲೇ ನಂಬಿಕೆ ಹೋಯ್ತು. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸ್‌ನಲ್ಲಿ ನಾವೆಲ್ಲ ಓದಿದ್ದೀವಿ: ಒಂದೇ ಕೋರ್ ಇರೋ ಪ್ರೊಸೆಸರ್ ಎರಡು ಕೆಲಸ ಒಟ್ಟಿಗೆ ಮಾಡಲ್ಲ, ಇದನ್ನ ಸ್ವಲ್ಪ ಅದನ್ನ ಸ್ವಲ್ಪ ಮಾಡತ್ತೆ, ನಮಗೆ ಒಟ್ಟಿಗೆ ಮಾಡಿದ ಹಾಗೆ ಕಾಣತ್ತೆ. ಪ್ರತಿ ಸಲ ಬದಲಾಯಿಸುವಾಗ ಕಾಂಟೆಕ್ಸ್ಟ್ ಸ್ವಿಚ್‌ನ ಖರ್ಚು ಬೇರೆ. ಮೊದಲ ಐದು ವಾರ ನನ್ನ ತಲೆ ಮಾಡ್ತಿದ್ದದ್ದು ಅದನ್ನೇ. ಬಲಗೈ ನೋಡು, ಎಡಗೈಗೆ ಓಡು, ಮತ್ತೆ ಬಲಗೈ. ಸ್ಪೀಡ್ ಜಾಸ್ತಿ ಮಾಡಿದಷ್ಟೂ ಆ ಖರ್ಚಲ್ಲೇ ಮುಳುಗಿಹೋಗ್ತಿದ್ದೆ. ಆರನೇ ವಾರ ಆದದ್ದು ಬೇರೆ. ತಲೆಗೆ ಎರಡನೇ ಕೋರ್ ಬಂದಿದ್ದಲ್ಲ. ಎರಡು ಕೆಲಸಗಳು ಸೇರಿ ಒಂದೇ ಕೆಲಸ ಆದವು. ಪೂರ್ತಿ ಗಮನ ಒಂದೇ ಕಡೆ ಇತ್ತು, ಆ ಒಂದರೊಳಗೆ ಇಬ್ಬರಿದ್ದರು. ಲೆಕ್ಚರ್ ವಿಡಿಯೊ ಹಾಕಿಕೊಂಡು ಚಾಟ್ ಮಾಡೋದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅದರಲ್ಲಿ ಗಮನ ಹರಿದುಹೋಗತ್ತೆ, ಇದರಲ್ಲಿ ಕೂಡತ್ತೆ.

ನಮ್ಮಲ್ಲಿ ಅವಧಾನ ಅನ್ನೋ ಕಲೆ ಇದೆಯಲ್ಲ, ಅದರ ಹೆಸರಿನ ಅರ್ಥವೇ ಗಮನ. ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು ಒಬ್ಬರಾದ ಮೇಲೆ ಒಬ್ಬರು ಬೇರೆ ಬೇರೆ ಸವಾಲು ಹಾಕ್ತಾರೆ, ಒಬ್ಬರು ಬೇಕಂತಲೇ ಅಪ್ರಸ್ತುತ ಪ್ರಶ್ನೆ ಕೇಳಿ ತಲೆ ಕೆಡಿಸ್ತಾರೆ. ಅವಧಾನಿ ಅಷ್ಟೂ ಪದ್ಯಗಳನ್ನ ನೆನಪಲ್ಲೇ ಕಟ್ಟಬೇಕು. ಶತಾವಧಾನಿ ಗಣೇಶ್ ಅವರು ಇಂಜಿನಿಯರಿಂಗ್ ಓದಿದವರೇ ಅನ್ನೋದು ನಮಗೆ ಸ್ವಲ್ಪ ಹೆಮ್ಮೆಯ ವಿಷಯ. ಅಲ್ಲಿ ಸವಾಲುಗಳು ಸರದಿಯಲ್ಲಿ ಬರ್ತವೆ, ಬಾಖ್‌ನಲ್ಲಿ ಒಟ್ಟಿಗೇ ಬರ್ತವೆ. ಆದರೆ ಎರಡರಲ್ಲೂ ಬೇಕಾಗಿರೋದು ಚಂಚಲತೆ ಅಲ್ಲ, ಅದರ ವಿರುದ್ಧವಾದದ್ದು.

ಎರಡನೆಯದು, "ಕ್ಲಾಸಿಕಲ್ ಮ್ಯೂಸಿಕ್‌ನಿಂದ ಬುದ್ಧಿ ಬೆಳೆಯತ್ತೆ" ಅನ್ನೋ ವಾದ. ಇದರ ಹಿಂದೆ ಒಂದು ತಮಾಷೆಯ ಕಥೆ ಇದೆ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್‌ನ ಒಂದು ಸೊನಾಟಾ ಕೇಳಿಸಿದರು, ಆಮೇಲೆ ಆಕಾರಗಳನ್ನ ಮನಸ್ಸಲ್ಲೇ ಮಡಚಿ ಕತ್ತರಿಸೋ ಥರದ ಪರೀಕ್ಷೆಯಲ್ಲಿ ಅವರು ಸ್ವಲ್ಪ ಚೆನ್ನಾಗಿ ಮಾಡಿದರು. ಆ ಪರಿಣಾಮ ಇದ್ದದ್ದು ಹತ್ತು ಹದಿನೈದು ನಿಮಿಷ ಮಾತ್ರ. ಜನ ಅದನ್ನ ಹಿಗ್ಗಿಸಿ ಹಿಗ್ಗಿಸಿ, ಮೊಜಾರ್ಟ್ ಕೇಳಿಸಿದರೆ ಮಕ್ಕಳು ಬುದ್ಧಿವಂತರಾಗ್ತಾರೆ ಅಂತ ಮಾಡಿಬಿಟ್ಟರು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟೋ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ರೆಕಾರ್ಡಿಂಗ್ ಕೊಡೋಕೆ ಸರ್ಕಾರಿ ಹಣ ಕೇಳಿದ್ದರು! ನನಗೆ ಈ ಕಥೆಯಲ್ಲಿ ಬೇಜಾರಾಗೋದು ವಿಜ್ಞಾನ ತಪ್ಪಿತು ಅಂತ ಅಲ್ಲ. ಒಂದು ಒಳ್ಳೆಯ ವಸ್ತುವನ್ನ ಒಪ್ಪಿಕೊಳ್ಳೋಕೆ ನಮಗೆ ಯಾವಾಗಲೂ ಒಂದು ಲಾಭ ತೋರಿಸಬೇಕು ಅನ್ನೋದು ಬೇಜಾರು.

ಇದನ್ನ ಇಷ್ಟು ಖಾರವಾಗಿ ಹೇಳೋಕೆ ನನಗೆ ಕಾರಣ ಇದೆ. ಹತ್ತನೇ ಕ್ಲಾಸ್‌ವರೆಗೆ ನಾನು ಪಿಯಾನೊ ಕ್ಲಾಸ್‌ಗೆ ಹೋಗ್ತಿದ್ದೆ. ಪಿಯುಸಿಗೆ ಸೇರಿದ ದಿನ ಕೀಬೋರ್ಡ್ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಮಂಚದ ಕೆಳಗೆ ಹೋಯ್ತು. "ಸಿಇಟಿ ಮುಗೀಲಿ ಕಂದ, ಆಮೇಲೆ ಎಷ್ಟು ಬೇಕಾದರೂ ನುಡಿಸ್ಕೋ" ಅಂದರು ಅಮ್ಮ. ಅಮ್ಮನ ಮೇಲೆ ನನಗೆ ಕೋಪ ಇಲ್ಲ. ಬೀದಿಯಲ್ಲಿರೋ ಎಲ್ಲ ಅಮ್ಮಂದಿರೂ ಅದನ್ನೇ ಹೇಳ್ತಿದ್ದರು. ಆದರೆ ಆ ಎರಡು ವರ್ಷದಲ್ಲಿ ನಾನು ಕಲಿತದ್ದು ಏನು? ನಾಲ್ಕು ಆಪ್ಷನ್‌ನಲ್ಲಿ ಎರಡನ್ನ ಹೊಡೆದು ಹಾಕೋದು. ಒಂದು ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಜಾಸ್ತಿ ಕೊಡಬಾರದು ಅನ್ನೋದು. ಉತ್ತರ ಬರಲಿಲ್ಲ ಅಂದರೆ ಸ್ಕಿಪ್ ಮಾಡಿ ಮುಂದಕ್ಕೆ ಹೋಗೋದು. ಸೀಟ್ ಸಿಕ್ತು, ಸುಳ್ಳು ಯಾಕೆ ಹೇಳಲಿ.

ಇಲ್ಲಿಗೆ ಬಂದ ಮೇಲೆ ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತದಲ್ಲಿ 50ಕ್ಕೆ 11 ಬಂತು. ಮಾರ್ಕ್ಸ್‌ಗಿಂತ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಒಂದು ಪ್ರಾಬ್ಲಮ್ ಮುಂದೆ ಹತ್ತು ನಿಮಿಷ ಕೂರೋಕೆ ನನ್ನಿಂದ ಆಗ್ತಿರಲಿಲ್ಲ. ಎರಡು ಸಾಲು ಬರೆದು ಗೊತ್ತಾಗಲಿಲ್ಲ ಅಂದರೆ ಎದೆ ಹೊಡೆದುಕೊಳ್ಳೋದು, ಸೊಲ್ಯೂಷನ್ ಹುಡುಕೋದು. ವಿಡಿಯೊ ಪಾಠಗಳನ್ನ ಡಬಲ್ ಸ್ಪೀಡಲ್ಲಿ ನೋಡೋದು, ಮುಗಿದ ಮೇಲೆ ಏನೂ ನೆನಪಿಲ್ಲದೇ ಇರೋದು. ನಾನು ದಡ್ಡ ಆಗಿಬಿಟ್ಟೆ ಅಂದುಕೊಂಡೆ. ದಡ್ಡ ಆಗಿರಲಿಲ್ಲ. ಗೊತ್ತಾಗದೇ ಇರೋದರ ಜೊತೆ ಕೂರೋ ಅಭ್ಯಾಸ ತಪ್ಪಿಹೋಗಿತ್ತು. ಎರಡನೇ ವರ್ಷದ ಶುರುವಿನಲ್ಲಿ ಊರಿಂದ ಕೀಬೋರ್ಡ್ ತಂದೆ. ಆ ಬೆಡ್‌ಶೀಟ್ ಬಿಚ್ಚಿದಾಗ ಕೀಗಳ ಸಂದಿನಲ್ಲಿ ಧೂಳು.

ಬಾಖ್‌ನಿಂದ ನನ್ನ ಮಾರ್ಕ್ಸ್ ಜಾಸ್ತಿ ಆಯ್ತಾ? ಜಾಸ್ತಿ ಆಗಿದೆ, ಆದರೆ ಅದಕ್ಕೆ ಕಾರಣ ನಾನು ಓದಿದ್ದು. ಆದರೆ ಒಂದು ಮಾತು ಹೇಳಬಹುದು. ದಿನಾ ಅರ್ಧ ಗಂಟೆ, ಬರದೇ ಇರೋದನ್ನ ಬರೋವರೆಗೂ ನಿಧಾನ ಮಾಡೋದು ಅನ್ನೋದನ್ನ ಕೈಗಳು ಮತ್ತೆ ಕಲಿತವು. ಇವತ್ತು ಬರಲಿಲ್ಲ ಅಂದರೆ ಅದು ಸೋಲಲ್ಲ, ಇವತ್ತಿನ ಸ್ಪೀಡ್ 40, ಅಷ್ಟೇ. ಆ ಭಾವನೆ ಒಂದಕ್ಕೇ ಏಳು ವಾರ ಕೊಟ್ಟಿದ್ದು ನನಗೆ ದುಬಾರಿ ಅನ್ಸಲ್ಲ. ಅದು ಇಲ್ಲದಿದ್ದರೂ, ಏಳನೇ ಬಾರ್‌ನಲ್ಲಿ ಎಡಗೈ ಮಾತು ಕೇಳಿಸಿದ ಆ ಸಂಜೆಗೇ ಕೊಡ್ತಿದ್ದೆ.

ಆಕ್ಷೇಪಣೆಗಳಿವೆ. ಪಿಯಾನೊ ಶ್ರೀಮಂತರ ಶೋಕಿ ಅಂತಾರೆ. ಪಿಯಾನೊ ಹೌದು, ಕೀಬೋರ್ಡ್ ಅಷ್ಟಲ್ಲ. ಬಾಖ್ ಇವನ್ನ ಬರೆದದ್ದು ನಾಲ್ಕು ಸ್ಥಾಯಿಯ ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್‌ಗಳ ಕಾಲದಲ್ಲಿ. ಹಾಗಾಗಿ ನಮ್ಮ ಕಲ್ಚರಲ್ ರೂಮಿನಲ್ಲಿ ಮೂಲೆಗೆ ಬಿದ್ದಿರೋ 61 ಕೀಗಳ ಸಾಮಾನ್ಯ ಕೀಬೋರ್ಡ್‌ನಲ್ಲೂ ಎಲ್ಲ 15 ಇನ್ವೆನ್ಷನ್ ನುಡಿಸಬಹುದು. ಕಾಪಿರೈಟ್ ಮುಗಿದು ಕಾಲವಾಗಿದೆ, ಹಳೆಯ ಮುದ್ರಣಗಳ ಹಾಳೆಗಳು ಪುಕ್ಕಟೆ ಸಿಗ್ತವೆ. ಒಂದೇ ತೊಂದರೆ, ಶುರು ಮಾಡೋಕೆ ಒಬ್ಬ ಮೇಷ್ಟ್ರು ಬೇಕು. ನನಗೆ ಹತ್ತನೇ ಕ್ಲಾಸ್‌ವರೆಗೆ ಸಿಕ್ಕಿದ್ದರು, ಎಲ್ಲರಿಗೂ ಸಿಗಲ್ಲ, ಒಪ್ಪಿಕೊಳ್ತೀನಿ.

ಇನ್ನೊಂದು ಆಕ್ಷೇಪಣೆ ನಮ್ಮ ಸಂಘದ ಸೀನಿಯರ್ ಒಬ್ಬರದು. "ಲೋ, ಕನ್ನಡ ಪತ್ರಿಕೆಗೆ ಬಾಖ್ ಯಾಕೋ? ನಮ್ಮದೇನಾದರೂ ಬರಿ" ಅಂದರು. ಅವರಿಗೆ ಒಂದು ಉತ್ತರ ಮೈಸೂರಿನಿಂದ. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ವಯಸ್ಸಾದ ಕಾಲದಲ್ಲಿ ಇಂಗ್ಲೆಂಡ್‌ನಲ್ಲಿದ್ದಾಗ, ಅವರ ರಚನೆಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನ ಅವರಿಗೆ ಅರ್ಪಿಸಿದ್ದಾರೆ. ಲಂಡನ್‌ನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ, 1948ರಲ್ಲಿ. ಅದೇ ಮನುಷ್ಯ 94 ಕರ್ನಾಟಕ ಸಂಗೀತ ಕೃತಿಗಳನ್ನೂ ರಚಿಸಿದರು. ಒಂದು ಇದ್ದರೆ ಇನ್ನೊಂದು ಇರಬಾರದು ಅಂತ ಅವರಿಗೆ ಅನಿಸಲೇ ಇಲ್ಲ.

ಇನ್ನೊಂದು ಉತ್ತರ ನನ್ನದೇ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಯೋಚನೆ, ಪಾಠ, ಪರೀಕ್ಷೆ, ಜಗಳ, ಎಲ್ಲ ಮುಖ್ಯ ಮಾತೂ ಇಂಗ್ಲಿಷ್‌ನಲ್ಲೇ. ಕನ್ನಡ ಇರೋದು "ಊಟ ಆಯ್ತಾ", "ಬಸ್ ಬಂತಾ" ಅನ್ನೋಕೆ. ಒಂದು ಗಂಭೀರ ವಿಷಯವನ್ನ ಕನ್ನಡದಲ್ಲಿ ಮೊದಲಿಂದ ಕೊನೆವರೆಗೆ ನಾನು ಹೇಳಿದ್ದೇ ಇಲ್ಲ. ಈ ಲೇಖನ ಬರೆಯೋಕೆ ಮೂರು ವಾರ ಹಿಡೀತು. ಒತ್ತಕ್ಷರದ ತಪ್ಪುಗಳನ್ನ ಸಂಪಾದಕರು ತಿದ್ದಿರ್ತಾರೆ. ಬರೆಯುವಾಗ ಪದೇ ಪದೇ ಆ ಏಳನೇ ಬಾರ್ ನೆನಪಾಗ್ತಿತ್ತು. ಬಲಗೈಯನ್ನ ಸುಮ್ಮನಿರಿಸೋದು ಬೇಡ, ಅದು ಇರಲಿ. ಒಂದು ಸಲ ಎಡಗೈ ಮೊದಲು ಮಾತಾಡಲಿ, ಅಷ್ಟೇ.

ಇದನ್ನ ಓದಿ ಯಾರಾದರೂ ಶುರು ಮಾಡೋದಾದರೆ ಒಂದೇ ಸಲಹೆ. ಒಂದು ದಿನಕ್ಕೆ ಎರಡು ಬಾರ್‌ಗಿಂತ ಜಾಸ್ತಿ ಮುಟ್ಟಬೇಡಿ. ಎಡಗೈ ಹಾಡೋಕೆ ಬರೋವರೆಗೆ ಎರಡೂ ಕೈ ಕೂಡಿಸಬೇಡಿ. ಹಾಡೋಕೆ ಅಂದೆ, ಒತ್ತೋಕೆ ಅಲ್ಲ. ವಾದ್ಯವೇ ಬೇಡ ಅನ್ನುವವರು ಹೆಡ್‌ಫೋನ್ ಹಾಕಿ ಈ ಒಂದೂವರೆ ನಿಮಿಷದ ರಚನೆಯನ್ನ ಮೂರು ಸಲ ಕೇಳಿ. ಮೊದಲ ಸಲ ಮೇಲಿನ ದನಿ, ಎರಡನೇ ಸಲ ಕೆಳಗಿನದು ಮಾತ್ರ. ಮೂರನೇ ಸಲ ಎರಡೂ. ಮಧ್ಯದಲ್ಲಿ ಫೋನ್ ನೋಡದೆ ಮೂರನೆಯದನ್ನ ಮುಗಿಸೋಕಾದರೆ ನನಗೆ ಬಂದು ಹೇಳಿ.

ನನ್ನ ರೂಮ್‌ಮೇಟ್ ಹುಬ್ಬಳ್ಳಿಯವನು. ನಾನು ಹೆಡ್‌ಫೋನ್ ಹಾಕಿ ನುಡಿಸೋದರಿಂದ ಪಾಪ ಅವನಿಗೆ ಸಂಗೀತ ಕೇಳಿಸ್ತಿರಲಿಲ್ಲ. ಏಳು ವಾರ ಅವನು ಕೇಳಿದ್ದು ಪ್ಲಾಸ್ಟಿಕ್ ಕೀಗಳ ಟಕಟಕ ಮಾತ್ರ. ಶುರುವಿನಲ್ಲಿ "ಎಷ್ಟ್ ಸಲ ಅದನ್ನ ಕುಟ್ಟತೀಲೇ, ಮುಂದಕ್ಕ ಹೋಗೂದ ಇಲ್ಲೇನು?" ಅಂತ ಬೈತಿದ್ದ. ಒಂದು ರಾತ್ರಿ 22 ಬಾರ್‌ಗಳನ್ನೂ ಎಲ್ಲೂ ನಿಲ್ಲದೆ ಮುಗಿಸಿ ಹೆಡ್‌ಫೋನ್ ತೆಗೆದೆ. ಅವನು ಪುಸ್ತಕದಿಂದ ತಲೆ ಎತ್ತದೆ ಹೇಳಿದ, "ಇವತ್ತ ಎಲ್ಲೂ ಎಡವಲಿಲ್ಲ ನೋಡು. ಎಡಗೈಂದೂ ಸಪ್ಪಳ ಸಮ ಬಂತು."

ಒಂದು ಸ್ವರವನ್ನೂ ಕೇಳದೆ, ಎರಡೂ ದನಿಗಳನ್ನ ಅವನು ಕೇಳಿಸಿಕೊಂಡಿದ್ದ.